ಅಪ್‌ಡೇಟ್: ಅಕ್ವೇರಿಯಂ ನೀರಿನ ಹಳದಿ ಬಣ್ಣ ಹೋಯಿತು

ವಿಜಯಪುರದ ನಮ್ಮ ಮನೆಯ 60 ಲೀಟರ್ ಅಕ್ವೇರಿಯಂನಲ್ಲಿ ಅಲಂಕಾರದ ಮರದ ಬೇರು ಇಟ್ಟ ಮೇಲೆ ನೀರು ಹಳದಿಯಾಗಿದೆ, ಆಕ್ಟಿವೇಟೆಡ್ ಕಾರ್ಬನ್ (ನೀರಿನ ಬಣ್ಣವನ್ನು ಹೀರಿಕೊಳ್ಳುವ, ಸಂಸ್ಕರಿಸಿದ ಇದ್ದಿಲು) ಹಾಕಬಹುದೇ ಎಂದು ಕಳೆದ ತಿಂಗಳು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು.

ನೀವು ಹೇಳಿದಂತೆ ಕಾರ್ಬನ್ ಹರಳುಗಳನ್ನು ಬಲೆಯ ಚೀಲದಲ್ಲಿ ತುಂಬಿ, ಕಪ್ಪು ಪುಡಿಯೆಲ್ಲ ಹೋಗಿ ತಿಳಿನೀರು ಬರುವವರೆಗೆ ನಲ್ಲಿಯ ಕೆಳಗೆ ತೊಳೆದು, ಫಿಲ್ಟರಿನಲ್ಲಿ ಸ್ಪಂಜಿನ ನಂತರ ಇಟ್ಟೆ. ನಾಲ್ಕನೆಯ ದಿನ ಗಾಜಿನ ಹಿಂದೆ ಹಿಡಿದ ಬಿಳಿ ಹಾಳೆ ಬಿಳಿಯಾಗಿಯೇ ಕಂಡಿತು. ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾವನ್ನು ಕಾರ್ಬನ್ ತೆಗೆಯುವುದಿಲ್ಲವಾದ್ದರಿಂದ, ಆ ಕೆಲಸ ಮಾಡುವ ಬ್ಯಾಕ್ಟೀರಿಯಾ ನೆಲೆಸಿರುವ ಸ್ಪಂಜನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ. ಕಾರ್ಬನ್ ಅಮೋನಿಯಾವನ್ನೂ ತೆಗೆಯುತ್ತದೆ ಎಂದು ನಾನು ಮೊದಲು ತಪ್ಪಾಗಿ ತಿಳಿದಿದ್ದೆ.

ಕಳೆದ ವಾರ ಒಂದು ಮೊಲ್ಲಿ ಮೀನಿಗೆ ಬಿಳಿಚುಕ್ಕೆ ರೋಗ ಬಂದಾಗ, ಕಾರ್ಬನ್ ಔಷಧವನ್ನೂ ಹೀರಿಕೊಳ್ಳುತ್ತದೆ ಎಂಬ ನಿಮ್ಮ ಎಚ್ಚರಿಕೆ ನೆನಪಾಗಿ ಚೀಲವನ್ನು ಹೊರತೆಗೆದೆ. ಚಿಕಿತ್ಸೆ ಮುಗಿದ ಮೇಲೆ ಹೊಸ ಕಾರ್ಬನ್ ಇಡುತ್ತೇನೆ.