ಚಿಪ್ಪಿನ ಕಿಟಕಿಯನ್ನು ಉಡುಪಿನಲ್ಲಿ ತರುವುದು ಹೇಗೆ?

ಪ್ರಶ್ನೆ (ಪಣಜಿಯ ವಿದ್ಯಾರ್ಥಿನಿ):

ಎಲ್ಲರಿಗೂ ನಮಸ್ಕಾರ. ನಾನು ಪಣಜಿಯಲ್ಲಿ ವಸ್ತ್ರವಿನ್ಯಾಸ ಓದುತ್ತಿದ್ದೇನೆ. ನಮ್ಮ ಮನೆತನ ಬಾಗಲಕೋಟೆ ಕಡೆಯದು. ಗೋವಾದ ಹಳೆಯ ಕಟ್ಟಡಗಳನ್ನು ಆಧಾರವಾಗಿಟ್ಟುಕೊಂಡು ಕೊನೆಯ ವರ್ಷಕ್ಕೆ ಒಂದು ಉಡುಪನ್ನು ಸಿದ್ಧಪಡಿಸಬೇಕಾಗಿದೆ. ಮೊದಲು ಹಳೆ ಗೋವಾದ ಚರ್ಚೊಂದರ ಮುಂಭಾಗವನ್ನೇ ಲಂಗದ ಮೇಲೆ ಅಚ್ಚು ಹಾಕಿಸಲು ನಕ್ಷೆ ಬರೆದಿದ್ದೆ. ಗೋಡೆಗೆ ಅಂಟಿಸಿ ದೂರದಿಂದ ನೋಡಿದಾಗ ಅದು ಪ್ರವಾಸಿಗರಿಗೆ ಮಾರುವ ಅಂಗಿಯಂತೆ ಕಂಡದ್ದರಿಂದ ಕೈಬಿಟ್ಟೆ. ಈಗ ಮನಸ್ಸು ಹಳೆಯ ಮನೆಗಳ ಚಿಪ್ಪಿನ ಕಿಟಕಿಗಳ ಮೇಲೆ, ಅಂದರೆ ಗಾಜಿನ ಬದಲು ಬೆಳಕು ಹಾಯುವ ತೆಳುವಾದ ಸಿಂಪಿಚಿಪ್ಪು ಕೂರಿಸಿದ ಕಿಟಕಿಗಳ ಮೇಲೆ ನೆಟ್ಟಿದೆ. ನಿಜವಾದ ಚಿಪ್ಪನ್ನೇ ಬಟ್ಟೆಗೆ ಹೊಲಿಯಬಹುದೇ? ಅಜ್ಜಿ ಕೊಟ್ಟ ಗುಳೇದಗುಡ್ಡದ ಖಣವೊಂದಿದೆ. ಅದಕ್ಕೂ ಇದರಲ್ಲಿ ಸ್ಥಾನ ಸಿಗಬೇಕೆಂಬುದು ನನ್ನ ಆಸೆ.

ಉತ್ತರ 1 (ಮಡಗಾಂವ್, ಹಳೆಯ ಮನೆಗಳ ದುರಸ್ತಿ ಮಾಡಿಸುವವರು):

ಚಿಪ್ಪನ್ನು ಹೊಲಿಯುವ ವಿಚಾರವನ್ನು ಬಿಡಿ, ತಂಗಿ. ಆ ಸಿಂಪಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮೇಲಾಗಿ ಚಿಪ್ಪು ಪದರ ಪದರವಾಗಿ ಬಿಡುವ ವಸ್ತು, ಸೂಜಿಯ ತೂತನ್ನು ತಾಳುವುದಿಲ್ಲ. ಹಿಂದಿನ ಬಡಗಿಗಳೂ ಅದಕ್ಕೆ ತೂತು ಕೊರೆಯಲಿಲ್ಲ. ಮರದ ಪಟ್ಟಿಗಳಲ್ಲಿ ಗೀರು ತೆಗೆದು, ಚೌಕವಾಗಿ ಕತ್ತರಿಸಿದ ಚಿಪ್ಪುಗಳನ್ನು ಒಂದರ ಮೇಲೊಂದರಂತೆ ಅದರೊಳಗೆ ಸರಿಸುತ್ತಿದ್ದರು.

ಗಾಜು ದುಬಾರಿಯಾಗಿದ್ದ ಕಾಲದಲ್ಲಿ ಈ ಕಿಟಕಿ ಬಿಸಿಲಿನ ಝಳವನ್ನು ಹೊರಗೇ ತಡೆದು ಬೆಳಕನ್ನು ಮಾತ್ರ ಒಳಗೆ ಬಿಡುತ್ತಿತ್ತು. ನಡುಮಧ್ಯಾಹ್ನ ಅಂಥ ಕೋಣೆಯಲ್ಲಿ ಕದ ಮುಚ್ಚಿ ಅರ್ಧ ಗಂಟೆ ಕುಳಿತುಕೊಳ್ಳಿ. ಒಂದು ಚೌಕ ಅಕ್ಕಿ ತೊಳೆದ ನೀರಿನ ಬಣ್ಣದ್ದು, ಪಕ್ಕದ್ದು ತುಸು ಹಳದಿ, ಮತ್ತೊಂದರಲ್ಲಿ ಸಿಂಪಿ ಬೆಳೆದಂತೆ ಮೂಡಿದ ಬಾಗುಗೆರೆಗಳು ಕಾಣುತ್ತವೆ. ಉಡುಪಿಗೆ ಬರಬೇಕಾದದ್ದು ಆ ಬೆಳಕು; ಕಿಟಕಿಯ ಚಿತ್ರವನ್ನು ಬಟ್ಟೆಯ ಮೇಲೆ ಬರೆದರೆ ನೀವು ಚರ್ಚಿನ ಅಚ್ಚಿಗೇ ಮರಳಿದಂತಾಗುತ್ತದೆ.

ಉತ್ತರ 2 (ವಾಸ್ಕೊ, ಹೊಲಿಗೆ ವೃತ್ತಿಯವರು):

ಮೇಲಿನವರ ಮಾತು ಸರಿ. ಆ ಬೆಳಕಿಗೆ ರೇಷ್ಮೆಯ ಆರ್ಗಂಜಾ, ಅಂದರೆ ಬೆಳಕು ಹಾಯುವ ತೆಳುವಾದ ಗರಿಗರಿ ಬಟ್ಟೆ, ಒಪ್ಪುತ್ತದೆ. ಆದರೆ ಚೌಕದ ಚೂರುಗಳನ್ನು ಕತ್ತರಿಸಿ ಜೋಡಿಸಲು ಹೋಗಬೇಡಿ, ಅಂಚಿನ ಎಳೆಗಳು ಬಿಚ್ಚಿಕೊಂಡು ಪ್ರತಿ ಜೋಡಣೆಯೂ ದಪ್ಪವಾಗುತ್ತದೆ. ಇಡೀ ಬಟ್ಟೆಯನ್ನು ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ಹಾಸಿನ (ಉದ್ದದ) ಹಾಗೂ ಹೊಕ್ಕಿನ (ಅಡ್ಡದ) ಎಳೆಯ ನೇರಕ್ಕೆ ಕಂದು ಬಣ್ಣದ ಕಿರಿದಾದ ಪಟ್ಟಿಗಳನ್ನು ಹೊಲಿದರೆ ಚೌಕಟ್ಟು ತಾನಾಗಿ ಮೂಡುತ್ತದೆ. ಕೆಲವು ಚೌಕಗಳ ಹಿಂದೆ ಮಾತ್ರ ಕೆನೆಬಣ್ಣದ ಇನ್ನೊಂದು ಪದರ ಕೊಟ್ಟರೆ, ಚಿಪ್ಪಿನಿಂದ ಚಿಪ್ಪಿಗೆ ಇರುವ ವ್ಯತ್ಯಾಸವೂ ಬರುತ್ತದೆ. ಎದೆಯ ತಿರುವಿನಲ್ಲಿ ಚೌಕಗಳು ಸೊಟ್ಟಗಾಗುವುದರಿಂದ ಅವು ತೋಳಿಗೂ ಲಂಗದ ಕೆಳಭಾಗಕ್ಕೂ ಸೀಮಿತವಾಗಿರಲಿ. ತೋಳಿಗೆ ಅಸ್ತರು ಹಾಕಲೇಬೇಡಿ. ಹಿಂದಿನಿಂದ ಬೆಳಕು ಬಾರದಿದ್ದರೆ ಆರ್ಗಂಜಾ ಮಂಕಾಗುತ್ತದೆ.

ಖಣವನ್ನು ಪಟ್ಟಿಗಳಾಗಿ ಸೀಳಬಾರದೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದು ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ, ಕುಪ್ಪಸವಾಗಿಯೇ ಇರಲಿ.

ಉತ್ತರ 3 (ಫೋಂಡಾ, ಶಿಕ್ಷಕಿ):

ಚೌಕಳಿ ಗೋವಾದ ಬಟ್ಟೆಯಲ್ಲೂ ಇದೆ ಎಂಬುದನ್ನು ಮರೆಯಬೇಡಿ. ಇಲ್ಲಿನ ಕುಣಬಿ ಸಮುದಾಯದ ಹೆಂಗಸರು ಹೊಲಗೆಲಸಕ್ಕೆ ಅನುಕೂಲವಾಗುವಂತೆ ಮೊಣಕಾಲಿನವರೆಗೆ ಉಡುತ್ತಿದ್ದ ಕೆಂಪು ಚೌಕಳಿ ಸೀರೆ ಬಳಕೆಯಿಂದ ಮರೆಯಾಗುತ್ತಿದ್ದಾಗ, ಅದನ್ನು ಮತ್ತೆ ಮುನ್ನೆಲೆಗೆ ತಂದವರಲ್ಲಿ 2020ರಲ್ಲಿ ನಿಧನರಾದ ವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ಪ್ರಮುಖರು. ಸಿರಿವಂತರ ಮನೆಯ ಕಿಟಕಿಯನ್ನು ಹೊಗಳುವಾಗ ಹೊಲದಲ್ಲಿ ದುಡಿದವರ ಸೀರೆಯನ್ನೂ ನೆನೆಯುವುದು ನ್ಯಾಯವೆಂದು ನನಗೆ ಅನ್ನಿಸುತ್ತದೆ. ಆ ಚೌಕಳಿಯಿಂದ ಏನನ್ನಾದರೂ ಪಡೆದರೆ, ಯಾರದೆಂದು ನಿಮ್ಮ ಟಿಪ್ಪಣಿಯಲ್ಲಿ ಸ್ಪಷ್ಟವಾಗಿ ಬರೆಯಿರಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಖಣವನ್ನು ಸೀಳುವುದಿಲ್ಲ, ಕುಪ್ಪಸವನ್ನೇ ಹೊಲಿಯುತ್ತೇನೆ. ಮೊದಲು ಒಂದು ತೋಳನ್ನು ಮಾತ್ರ ಸಿದ್ಧಪಡಿಸಿ, ನಮ್ಮ ಮನೆಯ ಪಶ್ಚಿಮದ ಕಿಟಕಿಗೆ ತೂಗುಹಾಕಿ, ಸಂಜೆ ನಾಲ್ಕರ ಬಿಸಿಲಿನಲ್ಲಿ ಹೇಗೆ ಕಾಣುತ್ತದೆಂದು ನೋಡಿ ಇಲ್ಲಿ ತಿಳಿಸುತ್ತೇನೆ.