ಕಬ್ಬಿನ ಟ್ರ್ಯಾಕ್ಟರ್, ಕಂಟೇನರ್ ಟ್ರೈಲರ್: ಯಾವುದಕ್ಕೆ ಯಾವ ಡಿಎಲ್ ಬೇಕು?

ಮದ್ದೂರಿನಿಂದ, ಕೇಳಿದ್ದು:
ಅಣ್ಣಂದಿರೇ, ನನಗೆ 22 ವರ್ಷ. ಕಾರಿನ ಡಿಎಲ್, ಅಂದರೆ ಎಲ್‌ಎಂವಿ (ಲಘು ಮೋಟಾರು ವಾಹನ), ಮಾಡಿಸಿ ಮೂರು ವರ್ಷವಾಯಿತು. ಈ ಸಲ ಕಬ್ಬಿನ ಸೀಸನ್‌ನಲ್ಲಿ ಮಾವನ ಟ್ರ್ಯಾಕ್ಟರ್ ಓಡಿಸಬೇಕು, ಹಿಂದೆ ಟ್ರೈಲರ್ ಇರುತ್ತದೆ. ಮುಂದೆ ಮಂಗಳೂರು ಬಂದರಿನ ಕಂಟೇನರ್ ಟ್ರೈಲರ್ ಹತ್ತಬೇಕು ಅಂತ ಆಸೆ. ಇರುವ ಡಿಎಲ್ ಸಾಕು ಅಂತ ಒಬ್ಬರು, ಟ್ರೈಲರ್ ಅಂದಮೇಲೆ ಬೇರೆ ಬೇಕು ಅಂತ ಇನ್ನೊಬ್ಬರು. ಓಡಿಸಿ ಅನುಭವ ಇರುವವರು ಹೇಳಿ.

ಪಾಂಡವಪುರದಿಂದ:
ಟ್ರ್ಯಾಕ್ಟರ್‌ಗೆ ನಿನ್ನ ಡಿಎಲ್ ಸಾಕು ತಮ್ಮಾ. ಟ್ರ್ಯಾಕ್ಟರ್ ವಿಷಯದಲ್ಲಿ ಕಾನೂನು ನೋಡುವುದು ಖಾಲಿ ತೂಕ. ಅದು 7500 ಕೆಜಿ ದಾಟದಿದ್ದರೆ ಎಲ್‌ಎಂವಿ ಲೆಕ್ಕಕ್ಕೆ ಬರುತ್ತದೆ. ನಮ್ಮ ಕಡೆ ಓಡುವ ಟ್ರ್ಯಾಕ್ಟರ್‌ಗಳು ಅದರ ಅರ್ಧದಷ್ಟೂ ತೂಗುವುದಿಲ್ಲ. ಹಿಂದೆ ಮಾಲು ತುಂಬಿದ ಟ್ರೈಲರ್ ಸಿಕ್ಕಿಸಿದ ಮಾತ್ರಕ್ಕೆ ಟ್ರ್ಯಾಕ್ಟರ್ ಡಿಎಲ್ ಇರುವವನು ಅನರ್ಹ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ.

ನಾನು ಪೆಟ್ಟು ತಿಂದದ್ದು ಬೇರೆ ಕಡೆ. ಟ್ರೈಲರ್‌ಗೂ ಅದರದೇ ನಂಬರ್, ಅದರದೇ ಆರ್‌ಸಿ ಇರುತ್ತದೆ. ಇನ್ಶೂರೆನ್ಸ್‌ನಲ್ಲೂ ಆ ನಂಬರ್ ಸೇರಿರಬೇಕು. ನನ್ನದರಲ್ಲಿ ಸೇರಿರಲಿಲ್ಲ. ಒಂದು ರಾತ್ರಿ ಕಬ್ಬು ತುಂಬಿಕೊಂಡು ರಸ್ತೆ ಪಕ್ಕ ನಿಲ್ಲಿಸಿದ್ದೆ. ಟ್ರೈಲರ್ ಹಿಂದೆ ದೀಪ ಇರಲಿಲ್ಲ, ರಿಫ್ಲೆಕ್ಟರ್ ಕೂಡ ಇರಲಿಲ್ಲ. ಬೈಕಿನ ಹುಡುಗ ಬಂದು ಗುದ್ದಿದ. ಕಾಲು ಮುರಿಯಿತು. ಕೋರ್ಟು ಪರಿಹಾರ ಕೊಡಿಸಿತು, ಕೊನೆಗೆ ಆ ದುಡ್ಡು ನನ್ನ ತಲೆ ಮೇಲೆ ಬಂತು. ಎರಡು ಎಮ್ಮೆ ಮಾರಿದೆ, ಚಿನ್ನ ಅಡವಿಟ್ಟೆ. ದುಡ್ಡು ಹೋಗಲಿ, ಆ ಹುಡುಗ ಈಗಲೂ ಕುಂಟುತ್ತಾನೆ. ಸಂತೆಯಲ್ಲಿ ಎದುರಿಗೆ ಬಂದರೆ ನನಗೆ ತಲೆ ಎತ್ತಲು ಆಗುವುದಿಲ್ಲ.

ಅದಕ್ಕೇ ಹೇಳುವುದು, ಮಾವನ ಹತ್ತಿರ ಎರಡೂ ಆರ್‌ಸಿ ಕೇಳಿ ನೋಡು. ಟ್ರೈಲರ್ ಹಿಂದಕ್ಕೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸು, ಜಾಸ್ತಿ ಖರ್ಚಿಲ್ಲ. ಕಬ್ಬು ಕಡಿಯುವವರನ್ನು ಲೋಡ್ ಮೇಲೆ ಕೂರಿಸಿಕೊಳ್ಳಬೇಡ. ಎಷ್ಟೇ ಕೇಳಿಕೊಂಡರೂ ಬೇಡ. ಬಿದ್ದರೆ ಜೀವ ಹೋಗುತ್ತದೆ, ಇನ್ಶೂರೆನ್ಸ್‌ನವರು ನಮಗೆ ಸಂಬಂಧವಿಲ್ಲ ಅನ್ನುತ್ತಾರೆ.

ತುಮಕೂರಿನಿಂದ:
ನಾನು ಟಾಟಾ 407 ಸಣ್ಣ ಲಾರಿ ಓಡಿಸುವವನು. ಒಂದು ಮಾತು ಸೇರಿಸುತ್ತೇನೆ. ಸರಕು ಗಾಡಿಗೆ ಖಾಲಿ ತೂಕ ನೋಡಬೇಡಿ, ಆರ್‌ಸಿಯಲ್ಲಿರುವ ಒಟ್ಟು ತೂಕ ನೋಡಿ, ಅಂದರೆ ಲೋಡ್ ಸೇರಿಸಿದ್ದು. ಅದು 7500 ಕೆಜಿ ಒಳಗಿದ್ದರೆ ಎಲ್‌ಎಂವಿ ಡಿಎಲ್‌ನಲ್ಲೇ ಓಡಿಸಬಹುದು, ಬೇರೆ ಟ್ರಾನ್ಸ್‌ಪೋರ್ಟ್ ಅನುಮತಿ ಬೇಕಿಲ್ಲ ಅಂತ ಸುಪ್ರೀಂ ಕೋರ್ಟಿನ ಐದು ಜನರ ಪೀಠ 2024ರ ನವೆಂಬರ್‌ನಲ್ಲಿ ಹೇಳಿತು. ಅಪಾಯದ ಸರಕು ಸಾಗಿಸುವ ಗಾಡಿ, ಇ-ರಿಕ್ಷಾ ಇಂಥವಕ್ಕೆ ಬೇರೆ ನಿಯಮ ಹಾಗೆಯೇ ಇದೆ.

ಹಾಸನದಿಂದ:
ನಾನು ಮಂಗಳೂರು–ಬೆಂಗಳೂರು ನಡುವೆ 40 ಅಡಿ ಟ್ರೈಲರ್ ಓಡಿಸುತ್ತೇನೆ. ಇದಕ್ಕೆ ಟ್ರಾನ್ಸ್‌ಪೋರ್ಟ್ ಡಿಎಲ್ ಬೇಕೇ ಬೇಕು. 20 ವರ್ಷ ತುಂಬಿರಬೇಕು, ಎಲ್‌ಎಂವಿ ಸಿಕ್ಕಿ ಒಂದು ವರ್ಷ ಆಗಿರಬೇಕು. ನಿನಗೆ ಎರಡೂ ಇದೆ. ಮೊದಲು ಎಲ್‌ಎಲ್ (ಕಲಿಕಾ ಲೈಸೆನ್ಸ್), ಡಾಕ್ಟರ ಸರ್ಟಿಫಿಕೇಟ್, ಡ್ರೈವಿಂಗ್ ಸ್ಕೂಲಿನ ಫಾರಂ 5 (ತರಬೇತಿ ಮುಗಿಸಿದ ಸರ್ಟಿಫಿಕೇಟ್), ಆಮೇಲೆ ಟೆಸ್ಟ್. ಹಿಂದೆ 8ನೇ ಕ್ಲಾಸ್ ಪಾಸಾಗಿರಬೇಕಿತ್ತು, 2019ರಲ್ಲಿ ಅದನ್ನು ತೆಗೆದರು. ಡಿಎಲ್ ಐದು ವರ್ಷಕ್ಕೆ ಸಿಗುತ್ತದೆ.

ಇದೆಲ್ಲ ಕಾಗದದ ಕೆಲಸ, ಆಗುತ್ತದೆ. ನಾನು ಟೆಸ್ಟ್ ಕೊಟ್ಟಿದ್ದು ಸಾಮಾನ್ಯ ಲಾರಿಯಲ್ಲಿ. ಡಿಎಲ್ ಕೈಗೆ ಬಂದ ದಿನ ನನಗೆ ಟ್ರೈಲರ್ ರಿವರ್ಸ್ ತೆಗೆಯಲು ಬರುತ್ತಿರಲಿಲ್ಲ. ರಿವರ್ಸ್‌ನಲ್ಲಿ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಟ್ರೈಲರ್ ಬಲಕ್ಕೆ ಹೋಗುತ್ತದೆ. ತಲೆಗೆ ಗೊತ್ತಾದರೂ ಕೈಗೆ ಗೊತ್ತಾಗಲು ತಿಂಗಳುಗಳು ಬೇಕು. ಟ್ರ್ಯಾಕ್ಟರ್ ಟ್ರೈಲರ್‌ನಲ್ಲೂ ಇದೇ ಆಟ, ಹಾಗಾಗಿ ಈ ಸೀಸನ್ ನಿನಗೆ ಒಳ್ಳೆಯ ಶಾಲೆ. ಖಾಲಿ ಗದ್ದೆಯಲ್ಲಿ ದಿನಾ ಅರ್ಧ ಗಂಟೆ ಅಭ್ಯಾಸ ಮಾಡು.

ಆಮೇಲೆ ಒಬ್ಬ ಹಳೇ ಡ್ರೈವರ್ ಜೊತೆ ಕ್ಲೀನರ್ ಆಗಿ ಹೋಗು. ನಾನು ಎರಡು ವರ್ಷ ಹೋದೆ. ಹಾರ್ಸ್‌ಗೆ (ಎಂಜಿನ್ ಇರುವ ಮುಂಭಾಗಕ್ಕೆ ನಾವು ಹಾಗೆ ಅನ್ನುತ್ತೇವೆ) ಟ್ರೈಲರ್ ಸಿಕ್ಕಿಸಿದ ಮೇಲೆ ನಮ್ಮ ಗುರುಗಳು ಟಾರ್ಚ್ ಹಿಡಿದು ಕೆಳಗೆ ಬಗ್ಗಿ ಲಾಕ್ ನೋಡುತ್ತಿದ್ದರು. ಟ್ರೈಲರ್ ಬ್ರೇಕ್ ಹಾಕಿಟ್ಟು ಮೊದಲ ಗೇರಿನಲ್ಲಿ ಮೆಲ್ಲಗೆ ಎಳೆದು, ಬಿಟ್ಟುಕೊಳ್ಳುವುದಿಲ್ಲ ಅಂತ ಖಾತ್ರಿ ಆದಮೇಲೆಯೇ ಹೊರಡುತ್ತಿದ್ದರು. ಕಂಟೇನರ್‌ನ ನಾಲ್ಕು ಮೂಲೆಯ ಲಾಕ್‌ಗಳನ್ನೂ ಕೈಯಲ್ಲಿ ಮುಟ್ಟಿ ನೋಡುತ್ತಿದ್ದರು. ಚಹಾಕ್ಕೆ ನಿಲ್ಲಿಸಿದರೂ ಮತ್ತೆ ಅದೇ ಸುತ್ತು. ನಾನು ಈಗಲೂ ಹಾಗೆಯೇ ಮಾಡುತ್ತೇನೆ.

ಶಿರಾಡಿ ಘಾಟಿ ಮಳೆಗಾಲದಲ್ಲಿ ಬೇರೆಯೇ ಆಗಿರುತ್ತದೆ. 2018ರಲ್ಲಿ ದೊಡ್ಡ ಟ್ರೈಲರ್‌ಗಳ ಒಟ್ಟು ತೂಕದ ಮಿತಿಯನ್ನು 49ರಿಂದ 55 ಟನ್‌ಗೆ ಏರಿಸಿದರು. ಅಷ್ಟು ಭಾರ ಬೆನ್ನಿಗಿರುವಾಗ ಒದ್ದೆ ತಿರುವಿನಲ್ಲಿ ಗಬಕ್ಕನೆ ಬ್ರೇಕ್ ತುಳಿದರೆ ಹಿಂದಿನದು ತಳ್ಳಿಕೊಂಡು ಬಂದು ಗಾಡಿ ಮಡಚಿಕೊಳ್ಳುತ್ತದೆ. ಇಳಿಜಾರು ಶುರುವಾಗುವ ಮೊದಲೇ ಸಣ್ಣ ಗೇರಿಗೆ ಬಾ. ಖಾಲಿ ಟ್ರೈಲರ್ ಹಗುರ ಅಂತ ಜೋರಾಗಿ ಓಡಿಸಬೇಡ, ಮಳೆಯಲ್ಲಿ ಅದೇ ಬೇಗ ಜಾರುವುದು.

ಸುರತ್ಕಲ್‌ನಿಂದ:
ಮುಂದೆ ಟ್ಯಾಂಕರ್ ಕಡೆ ಬರುವ ಮನಸ್ಸಿದ್ದರೆ, ಅಪಾಯದ ಸರಕಿಗೆ ಮೂರು ದಿನದ ತರಬೇತಿ ಮುಗಿಸಿ ಡಿಎಲ್‌ನಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಅದರ ಅವಧಿ ಮೂರೇ ವರ್ಷ, ನವೀಕರಣಕ್ಕೆ ಮತ್ತೆ ಒಂದು ದಿನದ ತರಬೇತಿ.

ಮದ್ದೂರಿನಿಂದ:
ಎಲ್ಲರಿಗೂ ನಮಸ್ಕಾರ. ಪಾಂಡವಪುರದ ಅಣ್ಣ ಹೇಳಿದ ಹಾಗೆ ಕಾಗದ ತೆಗೆಸಿ ನೋಡಿದೆ. ಇನ್ಶೂರೆನ್ಸ್‌ನಲ್ಲಿ ಟ್ರ್ಯಾಕ್ಟರ್ ನಂಬರ್ ಮಾತ್ರ ಇದೆ, ಟ್ರೈಲರ್‌ದು ಇಲ್ಲ. ಮಾವನಿಗೂ ಗೊತ್ತಿರಲಿಲ್ಲ. ನಾಳೆ ಬೆಳಗ್ಗೆ ಇಬ್ಬರೂ ಹೋಗಿ ಸೇರಿಸಿಕೊಂಡು ಬರುತ್ತೇವೆ, ಬರುವಾಗ ರಿಫ್ಲೆಕ್ಟರ್ ಪಟ್ಟಿಯನ್ನೂ ತರುತ್ತೇನೆ. ಅಲ್ಲಿಯವರೆಗೆ ಗಾಡಿ ಹೊರಗೆ ತೆಗೆಯುವುದಿಲ್ಲ.