'ದ ಶಾಪ್ ಅರೌಂಡ್ ದ ಕಾರ್ನರ್' ನೋಡಿದವರು ಹೇಳಿ: ಅವನು ಮೊದಲೇ ಹೇಳಬೇಕಿತ್ತಲ್ವಾ?

ಸೀರೆಯಂಗಡಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಮಂಡಿಪೇಟೆ ಹತ್ತಿರದ ಒಂದು ಸೀರೆ ಅಂಗಡಿಯಲ್ಲಿ 9 ವರ್ಷದಿಂದ ಸೇಲ್ಸ್ ಕೆಲಸದಲ್ಲಿದ್ದೇನೆ. ಮೊನ್ನೆ ಭಾನುವಾರ ಮಗಳು ಈ ಸಿನಿಮಾ ಹಾಕಿಕೊಟ್ಟಳು. 1940ರದ್ದು, ಕಪ್ಪು-ಬಿಳುಪು, ಅರ್ನ್ಸ್ಟ್ ಲುಬಿಚ್ ನಿರ್ದೇಶನ. ಅಂದಿನಿಂದ ತಲೆಯಲ್ಲಿ ಅದೇ ಕೂತಿದೆ.

ಬುಡಾಪೆಸ್ಟಿನಲ್ಲಿ ಒಂದು ಚರ್ಮದ ಸಾಮಾನಿನ ಅಂಗಡಿ. ಅಲ್ಲಿನ ಹಿರಿಯ ಗುಮಾಸ್ತ ಕ್ರಾಲಿಕ್, ಅಂದರೆ ಜೇಮ್ಸ್ ಸ್ಟೀವರ್ಟ್. ಹೊಸದಾಗಿ ಸೇರಿದವಳು ಕ್ಲಾರಾ, ಮಾರ್ಗರೆಟ್ ಸುಲ್ಲವನ್. ಇಬ್ಬರಿಗೂ ದಿನಾ ಜಗಳ. ಆದರೆ ಹೆಸರು ಹೇಳದೆ ಪತ್ರ ಬರೆದುಕೊಳ್ಳುತ್ತಿರುವುದು ಇವರೇ ಒಬ್ಬರಿಗೊಬ್ಬರು.

ಅಂಗಡಿ ಕೆಲಸ ಗೊತ್ತಿದ್ದವರು ಈ ಸಿನಿಮಾ ನೋಡಲೇಬೇಕು. ಮುಚ್ಚಳ ತೆಗೆದರೆ ಹಾಡುವ ಒಂದು ಸಿಗರೇಟು ಡಬ್ಬಿ ಬರುತ್ತದೆ. ಯಜಮಾನರಿಗೆ ಅದರ ಮೇಲೆ ಆಸೆ, ಕ್ರಾಲಿಕ್‌ಗೆ ಬೇಡ. ಕೆಲಸ ಕೇಳಲು ಬಂದ ಕ್ಲಾರಾ ಅದನ್ನೇ ಎತ್ತಿಕೊಂಡು, ಇದು ಮಿಠಾಯಿ ಡಬ್ಬಿ, ತೆಗೆದಾಗೆಲ್ಲ ಹಾಡಿ 'ಜಾಸ್ತಿ ತಿನ್ನಬೇಡ' ಅಂತ ನೆನಪು ಮಾಡುತ್ತದೆ ಎಂದು ಒಬ್ಬ ಹೆಂಗಸಿಗೆ ಮಾರಿಬಿಡುತ್ತಾಳೆ. ಕೆಲಸ ಸಿಕ್ಕಿತು! ಆಷಾಢದ ಸೇಲ್‌ನಲ್ಲಿ ಹಳೇ ಸ್ಟಾಕ್ ಮುಂದಿಟ್ಟುಕೊಂಡು ನಿಂತವರಿಗೆ ಆ ಮಾತಿನ ಬೆಲೆ ಗೊತ್ತು. ಇನ್ನು ಪಿರೋವಿಚ್ ಅಂತ ಒಬ್ಬರು. ಯಜಮಾನರು 'ನಿಜ ಹೇಳಿ, ಹೇಗಿದೆ?' ಅಂದ ಕೂಡಲೇ ಸದ್ದಿಲ್ಲದೆ ಮರೆಯಾಗುತ್ತಾರೆ. ಅಂಥವರನ್ನು ನಾನು ದಿನಾ ನೋಡುತ್ತೇನೆ.

ನನ್ನ ಪ್ರಶ್ನೆ ಬೇರೆ. ಅವರು ಮೊದಲ ಸಲ ಭೇಟಿಯಾಗಬೇಕಿದ್ದ ರಾತ್ರಿ, ಕೆಫೆಯ ಕಿಟಕಿಯಿಂದಲೇ ಕ್ರಾಲಿಕ್‌ಗೆ ಅವಳು ಯಾರೆಂದು ತಿಳಿಯುತ್ತದೆ. ಅವಳಿಗೆ ತಿಳಿಯುವುದು ಕ್ರಿಸ್‌ಮಸ್ ಹಿಂದಿನ ರಾತ್ರಿ. ಅಲ್ಲಿಯವರೆಗೂ ಅವನು ಬಾಯಿ ಬಿಡುವುದಿಲ್ಲ. ಅವಳು ಪೋಸ್ಟ್ ಆಫೀಸಿಗೆ ಹೋಗಿ 237ನೇ ಪೆಟ್ಟಿಗೆಯಲ್ಲಿ ಕೈಯಾಡಿಸುತ್ತಾಳೆ. ಏನೂ ಇಲ್ಲ. ಹಾಸಿಗೆ ಹಿಡಿಯುತ್ತಾಳೆ. ಕಡೆಗೆ ನಿನ್ನ ಹುಡುಗನನ್ನು ನೋಡಿದೆ, ದಪ್ಪ, ಬೋಳುತಲೆ, ಕೆಲಸವಿಲ್ಲ ಅಂತ ಬೇರೆ ಹೇಳುತ್ತಾನೆ. ಇದು ಸರೀನಾ?

ನಿಶ್ಚಿತಾರ್ಥ ಆದ ಮೇಲೆ ನಮ್ಮವರು ಪಾವಗಡದಿಂದ ಇನ್‌ಲ್ಯಾಂಡ್ ಲೆಟರ್ ಬರೆಯುತ್ತಿದ್ದರು. ಒಮ್ಮೆ ಎರಡು ವಾರ ಬರಲಿಲ್ಲ. ಪೋಸ್ಟ್‌ಮ್ಯಾನ್ ಸೈಕಲ್ ನಮ್ಮ ಮನೆ ದಾಟಿ ಹೋದ ದಿನ ನನಗೆ ಅನ್ನ ಸೇರುತ್ತಿರಲಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಅಕ್ಕಾ, ನಾನು ಅವನ ಪರ. ಆ ದಿನವೇ ಅವನ ಕೆಲಸ ಹೋಗಿತ್ತು. ಯಜಮಾನರು ತಮ್ಮ ಹೆಂಡತಿ ವಿಷಯದಲ್ಲಿ ಸುಮ್ಮನೆ ಇವನ ಮೇಲೆ ಅನುಮಾನಪಟ್ಟು ಕಳಿಸಿದ್ದರು. ಅದೇ ರಾತ್ರಿ ಕೆಫೆಯಲ್ಲಿ ಅವಳು ಇವನಿಗೆ ನೀನೊಬ್ಬ ಲೆಕ್ಕಕ್ಕಿಲ್ಲದ ಗುಮಾಸ್ತ ಅಂದುಬಿಟ್ಟಳು. ಆಗ ಹೇಗೆ ಹೇಳುತ್ತಾನೆ? ಪತ್ರದ ಮನುಷ್ಯ ಅವಳಿಗೆ ಬೇಕು, ಅಂಗಡಿಯ ಮನುಷ್ಯ ಬೇಡ. ಎರಡನೆಯವನೂ ಇಷ್ಟವಾಗಲಿ ಅಂತ ಕಾದ.

ನನಗೆ ಅವರಿಬ್ಬರಿಗಿಂತ ಯಜಮಾನ ಮಾಟುಶೆಕ್ ಹತ್ತಿರ. ಹಬ್ಬದ ಹಿಂದಿನ ರಾತ್ರಿ, 1928ರ ನಂತರ ಇಷ್ಟು ವ್ಯಾಪಾರ ಆಗಿಲ್ಲ ಅಂತ ಸಂತೋಷ. ಹೊರಗೆ ಹಿಮ ಬೀಳುತ್ತಿದೆ. ಒಬ್ಬೊಬ್ಬರೂ ಹೊರಡುತ್ತಾರೆ, ಎಲ್ಲರಿಗೂ ಹೋಗಲು ಮನೆ ಇದೆ. ಕಡೆಗೆ ಉಳಿದವನು ಹೊಸ ಹುಡುಗ ರೂಡಿ, 17 ವರ್ಷ, ಊರಲ್ಲಿ ಅವನಿಗೂ ಯಾರಿಲ್ಲ. ಅವನಿಗೆ ಊಟದ ಆಸೆ ತೋರಿಸುತ್ತಾ ಯಜಮಾನರ ಮುಖ ಅರಳುವುದನ್ನು ನೋಡಬೇಕು. ಸೂಪು, ಸೇಬು ತುಂಬಿ ಸುಟ್ಟ ಹೆಬ್ಬಾತು, ಸೌತೆಕಾಯಿ ಸಲಾಡ್.

ನಮ್ಮ ತಾತ ಚಾಂಪಿಯನ್ ರೀಫ್ ಗಣಿಯಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ನಮ್ಮ ಲೈನ್‌ನಲ್ಲಿ ಎಷ್ಟೋ ಮನೆ ಖಾಲಿಯಾದವು. ಆ ವರ್ಷ ಕ್ರಿಸ್‌ಮಸ್‌ಗೆ ಅಜ್ಜಿ ಕಲ್‌ಕಲ್ ಮತ್ತು ರೋಸ್ ಕುಕೀಸ್ ತಟ್ಟೆಗೆ ಹಾಕಿ, ಬಟ್ಟೆ ಮುಚ್ಚಿ, ಒಂಟಿಯಾಗಿ ಉಳಿದವರ ಮನೆ ಹುಡುಕಿ ನನ್ನ ಕೈಲಿ ಕಳಿಸಿದರು. ರೂಡಿ ಬಂದಾಗೆಲ್ಲ ನನಗೆ ಆ ತಟ್ಟೆಯ ಬಿಸಿ ನೆನಪಾಗುತ್ತದೆ.

ಶಿಡ್ಲಘಟ್ಟ ರೇಷ್ಮೆ

ನಾನು ಸೀರೆಯಂಗಡಿ ಅಕ್ಕನ ಪರ. ಕೆಲಸ ವಾಪಸ್ ಸಿಕ್ಕಾಗ ಕ್ರಾಲಿಕ್ ಮ್ಯಾನೇಜರ್ ಆಗಿರುತ್ತಾನೆ, ಅವಳು ಅವನ ಕೈಕೆಳಗೆ. ಗುಟ್ಟೂ ಅವನ ಹತ್ತಿರ, ಅಧಿಕಾರವೂ ಅವನ ಹತ್ತಿರ. ಗೂಡಿನ ಮಾರುಕಟ್ಟೆಯಲ್ಲಿ ಒಬ್ಬನಿಗೆ ಮಾತ್ರ ನಾಳೆಯ ರೇಟು ಗೊತ್ತಿದ್ದರೆ ಅದು ವ್ಯಾಪಾರವಾ? ಇದೇ ಕಥೆಯನ್ನು 1998ರಲ್ಲಿ ಇಮೇಲ್ ಇಟ್ಟು 'ಯೂ ಹ್ಯಾವ್ ಗಾಟ್ ಮೇಲ್' ಮಾಡಿದಾಗ ಇನ್ನೂ ಕಷ್ಟವಾಯಿತು. ಅಲ್ಲಿ ನಾಯಕನ ದೊಡ್ಡ ಅಂಗಡಿಯಿಂದ ಅವಳ ಅಂಗಡಿಯೇ ಮುಚ್ಚುತ್ತದೆ.

ಆದರೆ ಲುಬಿಚ್‌ಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ಆ 237ನೇ ಪೆಟ್ಟಿಗೆ ದೃಶ್ಯ ಇನ್ನೊಮ್ಮೆ ನೋಡಿ. ಕ್ಯಾಮೆರಾ ಪೆಟ್ಟಿಗೆಯ ಒಳಗಡೆಯಿಂದ ನೋಡುತ್ತಿದೆ. ಮೊದಲು ಕೈಗವಸು ಹಾಕಿದ ಕೈ ಮಾತ್ರ ಬಂದು ತಡಕಾಡುತ್ತದೆ. ಆಮೇಲೆ ಬಗ್ಗಿದ ಮುಖ. ಮಾತಿಲ್ಲ. ಆ ಒಂದು ಗಳಿಗೆ ಸಿನಿಮಾ ಅವನನ್ನು ಬಿಟ್ಟು ಅವಳ ಜೊತೆ ಇದೆ. ಬರ್ಲಿನ್‌ನಲ್ಲಿ ಲುಬಿಚ್ ಅಪ್ಪನದು ಬಟ್ಟೆ ಹೊಲಿಯುವ ವ್ಯಾಪಾರ, ಹುಡುಗನಾಗಿದ್ದಾಗ ಇವನೂ ಅಲ್ಲೇ ದುಡಿದಿದ್ದ. ಸಂಬಳಕ್ಕೆ ನಿಂತವರ ಮುಖ ಅವನಿಗೆ ಹೊಸದಲ್ಲ.

ಸೀರೆಯಂಗಡಿ, ತುಮಕೂರು

ಇಬ್ಬರಿಗೂ ಥ್ಯಾಂಕ್ಸ್. ಕ್ಯಾಮೆರಾ ಒಳಗಿತ್ತು ಅನ್ನೋದು ನನಗೆ ಹೊಳೆದಿರಲಿಲ್ಲ. ನಿನ್ನೆ ರಾತ್ರಿ ಅಷ್ಟನ್ನೇ ಮತ್ತೆ ಹಾಕಿ ನೋಡಿದೆ, ಕಣ್ಣು ತುಂಬಿತು.

ಕೊನೆಯನ್ನೂ ನೋಡಿದೆ. ನಿಜ ತಿಳಿದ ಮೇಲೆ ಅವಳು ತಕ್ಷಣ ಅಪ್ಪಿಕೊಳ್ಳುವುದಿಲ್ಲ. ಕಾಲು ಸೊಟ್ಟಗಿದೆಯಾ ನೋಡಬೇಕು, ಪ್ಯಾಂಟು ಮೇಲೆತ್ತು ಅನ್ನುತ್ತಾಳೆ. ಅವನು ಎತ್ತಿ ತೋರಿಸುತ್ತಾನೆ. ಸೆರಗು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದ ಮೇಲೇ ಸೀರೆ ಒಪ್ಪಬೇಕು ಅಂತ ನಾನೂ ಗಿರಾಕಿಗಳಿಗೆ ಹೇಳುತ್ತೇನೆ. ಅಷ್ಟು ದಿನ ಅವನು ಅವಳನ್ನು ಪರೀಕ್ಷೆ ಮಾಡಿದ, ಕಡೇ ಪರೀಕ್ಷೆ ಅವಳದು. ನನಗೆ ಸ್ವಲ್ಪ ಸಮಾಧಾನ ಆಯಿತು.

ಈ ಭಾನುವಾರ ನಮ್ಮವರನ್ನೂ ಕೂರಿಸಿಕೊಂಡು ನೋಡುತ್ತೇನೆ. ಆ ಪೆಟ್ಟಿಗೆ ಬಂದಾಗ ನಿಲ್ಲಿಸಿ, ಆ ಎರಡು ವಾರ ಯಾಕೆ ಬರೆಯಲಿಲ್ಲ ಅಂತ ಕೇಳಬೇಕು.